ಮಳೆ ಊರಲ್ಲಿ ಮೊದಲ ಕ್ಯಾಮೆರಾ: ಹಳೇ ಡಿ5300 ತೆಗೆದುಕೊಳ್ಳಲಾ? ಫಂಗಸ್ ಬಾರದಂತೆ ಇಡುವುದು ಹೇಗೆ?

ಕಕ್ಕಬ್ಬೆ_ಕಣಿವೆ:
ನಮಸ್ಕಾರ ಎಲ್ಲರಿಗೂ. ಕೊಡಗಿನ ನಾಪೋಕ್ಲು ಆಚೆ ನಮ್ಮದೊಂದು ಸಣ್ಣ ಕಾಫಿ ತೋಟ. ಇಷ್ಟು ದಿನ ಮೊಬೈಲಿನಲ್ಲೇ ಫೋಟೋ ತೆಗೆಯುತ್ತಿದ್ದೆ. ತೋಟದ ಅಂಚಿನ ಬಸರಿ ಮರ ಹಣ್ಣು ಬಿಟ್ಟಾಗ ಮಂಗಟ್ಟೆಗಳು ಬರುತ್ತವೆ. ಮೊಬೈಲಿನಲ್ಲಿ ಮರ ಚೆನ್ನಾಗಿ ಬರುತ್ತದೆ, ಹಕ್ಕಿ ಮಾತ್ರ ಕಪ್ಪು ಚುಕ್ಕಿ. ಅದಕ್ಕೇ ಒಂದು ಕ್ಯಾಮೆರಾ ತೆಗೆದುಕೊಳ್ಳೋಣ ಅಂತಿದ್ದೇನೆ.

ಕೈಯಲ್ಲಿರುವುದು 60,000 ರೂಪಾಯಿ. ಗೋಣಿಕೊಪ್ಪದಲ್ಲಿ ಪರಿಚಯದವರೊಬ್ಬರು ತಮ್ಮ ನಿಕಾನ್ ಡಿ5300 ಕೊಡುತ್ತೇನೆ ಅಂದಿದ್ದಾರೆ. ಜೊತೆಗೆ 18-55 ಮತ್ತು 55-200 ಎಂಎಂ ಲೆನ್ಸ್ (ಸಂಖ್ಯೆ ದೊಡ್ಡದಾದಷ್ಟು ದೂರದ್ದು ಹತ್ತಿರ ಕಾಣುತ್ತದಂತೆ). "ಈಗ ಒಳಗೆ ಕನ್ನಡಿ ಇರುವ ಡಿಎಸ್‌ಎಲ್‌ಆರ್ ಯಾರು ತಗೊಳ್ತಾರೆ, ಕನ್ನಡಿ ಇಲ್ಲದ ಮಿರರ್‌ಲೆಸ್ ತಗೋ" ಅಂತ ತಮ್ಮ ಬೆಂಗಳೂರಿನಿಂದ ಫೋನ್ ಮಾಡಿ ಬೈಯುತ್ತಿದ್ದಾನೆ.

ಇನ್ನೊಂದು ಭಯವೂ ಇದೆ. ಅಪ್ಪನ ಫಿಲ್ಮ್ ಕ್ಯಾಮೆರಾ ಬೀರುವಿನಲ್ಲಿದೆ. ಲೆನ್ಸಿನ ಒಳಗೆ ಜೇಡರ ಬಲೆ ಥರ ಏನೋ ಬೆಳೆದಿದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಚಪ್ಪಲಿ, ಬೆಲ್ಟು, ಬಾಗಿಲು ಎಲ್ಲದಕ್ಕೂ ಬೂಷ್ಟು. ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳುವಂತಿಲ್ಲ. ಇಂಥ ಜಾಗದಲ್ಲಿ ಕ್ಯಾಮೆರಾ ಇಟ್ಟುಕೊಳ್ಳುವವರು ಏನು ಮಾಡುತ್ತೀರಿ?

ರೋಬಸ್ಟಾ_ಗಿಡ:
ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ ಅಣ್ಣ. ಎಲ್ಲಾದರೂ ನಿಕಾನ್ ಪಿ900 ಸಿಕ್ಕರೆ ತೆಗೆದುಕೊಳ್ಳಿ. 83 ಪಟ್ಟು ಜೂಮ್. ಲೆನ್ಸ್ ಬದಲಿಸುವ ರಗಳೆಯೇ ಇಲ್ಲ. ನಮ್ಮನೆಯದರಲ್ಲಿ ಚಂದ್ರನ ಗುಂಡಿಗಳೂ ಕಾಣುತ್ತವೆ.

ಹಾರಂಗಿ_ದಂಡೆ:
ಚಂದ್ರನ ಮೇಲೆ ಬಿಸಿಲಿದೆ ಮಾರಾಯ್ರೆ, ಕಕ್ಕಬ್ಬೆಯ ಮರದಡಿ ಇಲ್ಲ.

ತಮಾಷೆ ಬಿಡಿ, ವಿಷಯ ಇರುವುದೇ ಅಲ್ಲಿ. ಪಿ900ರ ಸೆನ್ಸರ್ (ಬೆಳಕು ಹಿಡಿಯುವ ಚಿಪ್) ತುಂಬಾ ಸಣ್ಣದು. ಡಿ5300ರ ಸೆನ್ಸರ್ ವಿಸ್ತೀರ್ಣದಲ್ಲಿ ಅದರ ಸುಮಾರು 13 ಪಟ್ಟು. ಪೂರ್ತಿ ಜೂಮ್ ಎಳೆದಾಗ ಪಿ900 ಲೆನ್ಸ್ ಎಫ್6.5ಕ್ಕೆ ಇಳಿಯುತ್ತದೆ (ಎಫ್ ಸಂಖ್ಯೆ ದೊಡ್ಡದಾದಷ್ಟು ಒಳಗೆ ಬರುವ ಬೆಳಕು ಕಡಿಮೆ). ಬಿಸಿಲಲ್ಲಿ, ಹಾರಂಗಿ ಹಿನ್ನೀರಿನಂಥ ಬಯಲಲ್ಲಿ ಚೆನ್ನಾಗಿಯೇ ಬರುತ್ತದೆ. ನೆರಳಲ್ಲಿ ಬೆಳಿಗ್ಗೆ ಏಳು ಗಂಟೆಗೆ ತೆಗೆದು ನೋಡಿ, ಹಕ್ಕಿಯ ಗರಿ ಎಲ್ಲ ಸಾರಿಸಿದ ಹಾಗೆ ಬರುತ್ತದೆ.

ನಮ್ಮ ತೋಟಗಳಲ್ಲಿ ಮೇಲೆ ಒಂದು ಸುತ್ತು ನೆರಳಿನ ಮರ, ಕೆಳಗೆ ಕಾಫಿ. ಕ್ಯಾಮೆರಾಕ್ಕೆ ಸಿಗುವ ಬೆಳಕು ತೀರಾ ಕಡಿಮೆ. ಎಫ್5.6ರಲ್ಲಿ, ಐಎಸ್‌ಒ (ಬೆಳಕಿಗೆ ಸೆನ್ಸರ್ ಸ್ಪಂದಿಸುವ ಮಟ್ಟ) 3200 ಇಟ್ಟರೂ ಶಟರ್ ವೇಗ ಸೆಕೆಂಡಿನ 1/60ರ ಹತ್ತಿರ ನಿಲ್ಲುವುದು ಸಾಮಾನ್ಯ. ಸುಮ್ಮನೆ ಕೂತ ಹಕ್ಕಿಗೂ 1/250 ಆದರೂ ಬೇಕು. ಹಾರುತ್ತಿದ್ದರೆ 1/1000ಕ್ಕೆ ಮೇಲೆ. ಲೆನ್ಸಿನಲ್ಲೋ ಬಾಡಿಯಲ್ಲೋ ಇರುವ ಅಲುಗಾಟ ತಡೆಯುವ ವ್ಯವಸ್ಥೆ ನಿಮ್ಮ ಕೈ ನಡುಕಕ್ಕೆ ಮಾತ್ರ. ಹಕ್ಕಿ ಕತ್ತು ತಿರುಗಿಸಿದರೆ ಅದೇನೂ ಮಾಡಲಾರದು. ಅಂಗಡಿಯವರು ಇದನ್ನು ಹೇಳುವುದಿಲ್ಲ.

ಹಾಗಾಗಿ ಮೊದಲು ಹೇಳಿ. ಮರ ಮನೆಯಿಂದ ಎಷ್ಟು ದೂರ? ಹಕ್ಕಿ ಬರುವುದು ಎಷ್ಟು ಹೊತ್ತಿಗೆ? ಹಕ್ಕಿ ಬಿಟ್ಟು ಬೇರೆ ಏನೇನು ತೆಗೆಯುವ ಆಸೆ?

ಕಕ್ಕಬ್ಬೆ_ಕಣಿವೆ:
ಅಣ್ಣ ಅಲ್ಲ, ಅಕ್ಕ :)

ಮರ ಇರುವುದು ಕಣದ ಆಚೆ ತುದಿಯಲ್ಲಿ. ಕಣ ಬಯಲಾದ್ದರಿಂದ ಎಂಟು ಗಂಟೆ ಮೇಲೆ ಆ ಕಡೆಯಿಂದ ಬಿಸಿಲು ಬೀಳುತ್ತದೆ. ಕೊಟ್ಟಿಗೆ ಮರೆಯಲ್ಲಿ ನಿಂತರೆ ಹಕ್ಕಿಗಳು ಹೆದರುವುದಿಲ್ಲ. ಬೇರೆ ಅಂದರೆ ಕಾಫಿ ಹೂವು, ಪುತ್ತರಿ ಹಬ್ಬ, ಮಡಿಕೇರಿ ದಸರಾ ಮಂಟಪ, ಮನೆಯ ಮಕ್ಕಳು. ಎಲ್ಲರಿಗೂ ಇರುವ ಆಸೆಗಳೇ.

ಹಾರಂಗಿ_ದಂಡೆ:
ಹಾಗಾದರೆ ನಿಮ್ಮ ಅದೃಷ್ಟ ಚೆನ್ನಾಗಿದೆ ಅಕ್ಕ. ದೊಡ್ಡ ಮಂಗಟ್ಟೆ ಹತ್ತಿರ ಹತ್ತಿರ ಒಂದು ಮೀಟರ್ ಉದ್ದದ ಹಕ್ಕಿ. ಬಿಸಿಲು ಬೀಳುವ ಮರ, ಅಡಗಲು ಕೊಟ್ಟಿಗೆ. 150-600 ಥರದ ಭಾರದ ಲೆನ್ಸ್ ಬೇಡವೇ ಬೇಡ. 300 ಎಂಎಂ ಸಾಕು. ಡಿ5300ರ ಸೆನ್ಸರ್ ಹಳೇ ಫಿಲ್ಮಿನ ಅಳತೆಗಿಂತ ಸಣ್ಣದಾದ್ದರಿಂದ, ಫಿಲ್ಮ್ ಕ್ಯಾಮೆರಾದಲ್ಲಿ 450 ಎಂಎಂ ಕೊಡುವಷ್ಟೇ ಹತ್ತಿರ ತೋರಿಸುತ್ತದೆ.

ಮಕ್ಕಳು, ಪುತ್ತರಿ, ಮಂಟಪಕ್ಕೆ 35 ಎಂಎಂ ಎಫ್1.8 ಜಿ ಲೆನ್ಸ್ ಒಂದನ್ನು ಹಳೇದು ಹುಡುಕಿ. ಎಫ್5.6ಕ್ಕೆ ಹೋಲಿಸಿದರೆ ಎಫ್1.8ರಲ್ಲಿ ಹೆಚ್ಚುಕಮ್ಮಿ ಹತ್ತು ಪಟ್ಟು ಬೆಳಕು ಒಳಗೆ ಬರುತ್ತದೆ. 1/60 ಇದ್ದದ್ದು 1/500 ದಾಟುತ್ತದೆ. ಲೈಟ್ ಕಮ್ಮಿ ಇರುವ ನಮ್ಮ ಮನೆಗಳ ಒಳಗೆ ಫೋಟೋ ತೆಗೆಯುವವರಿಗೆ ಈ ಸಣ್ಣ ಲೆನ್ಸಿನಷ್ಟು ಉಪಕಾರ ಯಾವ ಹೊಸ ಬಾಡಿಯೂ ಮಾಡುವುದಿಲ್ಲ.

ಮತ್ತೆ ಒಂದು ಮಾತು. ಜನವರಿ ನಂತರ ಮಂಗಟ್ಟೆ ಗೂಡಿನ ಹತ್ತಿರ ಹೋಗಬೇಡಿ. ಹೆಣ್ಣು ಪೊಟರೆಯೊಳಗೆ ತನ್ನನ್ನೇ ಮುಚ್ಚಿಕೊಂಡಿರುತ್ತದೆ. ಊಟ ತರುವ ಗಂಡು ಜನರನ್ನು ಕಂಡರೆ ಹತ್ತಿರ ಬರುವುದಿಲ್ಲ. ಹಣ್ಣಿನ ಮರದಲ್ಲಿ ಎಷ್ಟು ಬೇಕಾದರೂ ತೆಗೆಯಿರಿ.

ಮಡಿಕೇರಿ_ಮಂಜು:
ತಮ್ಮ ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಕ್ಯಾನನ್, ನಿಕಾನ್ ಎರಡೂ 2018ರಿಂದ ಹೊಸ ಮೌಂಟ್‌ಗೆ (ಲೆನ್ಸ್ ಕೂರಿಸುವ ಬಾಯಿ) ತಿರುಗಿವೆ, ಹೊಸ ಲೆನ್ಸ್ ಎಲ್ಲ ಆ ಕಡೆಯೇ. ಮಿರರ್‌ಲೆಸ್‌ನಲ್ಲಿ ಹಕ್ಕಿಯ ಕಣ್ಣು ಹುಡುಕಿ ಫೋಕಸ್ ಹಿಡಿಯುವ ಮಾಡೆಲ್‌ಗಳಿವೆ, ಶಬ್ದವಿಲ್ಲದೆ ತೆಗೆಯಬಹುದು, ಕಪ್ಪಾಗುತ್ತದೋ ಬಿಳಿಯಾಗುತ್ತದೋ ಅನ್ನುವುದು ತೆಗೆಯುವ ಮೊದಲೇ ಕಾಣುತ್ತದೆ. ಒಳ್ಳೆಯದೇ.

ಆದರೆ 60,000ದಲ್ಲಿ ಹೊಸ ಮಿರರ್‌ಲೆಸ್ ಬಾಡಿ ತೆಗೆದುಕೊಂಡರೆ ಜೊತೆಗೆ ಬರುವ ಕಿಟ್ ಲೆನ್ಸಿನಲ್ಲೇ ವರ್ಷಗಟ್ಟಲೆ ಕೂರಬೇಕು. ನಿಕಾನ್‌ನ ಎಫ್ ಮೌಂಟ್ 1959ರದ್ದು. ಅದರ ಲೆನ್ಸ್ ಹಳೇ ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ, ಈಗ ಎಲ್ಲರೂ ಮಾರುತ್ತಿರುವುದರಿಂದ ಚೌಕಾಸಿಗೂ ಜಾಗ ಇದೆ. ಬ್ಯಾಟರಿಯೂ ಅಷ್ಟೇ. ಡಿ5300 ಒಂದು ಚಾರ್ಜ್‌ಗೆ 600 ಫೋಟೋ ಅಂತ ಕಂಪನಿ ಲೆಕ್ಕ. ಆರಂಭದ ಮಿರರ್‌ಲೆಸ್‌ಗಳು ಅದರ ಅರ್ಧದ ಆಸುಪಾಸು.

ಲೆನ್ಸ್ ಹುಡುಕುವಾಗ ಒಂದು ಎಚ್ಚರ. ಡಿ5300 ಬಾಡಿಯಲ್ಲಿ ಫೋಕಸ್ ಮೋಟಾರ್ ಇಲ್ಲ. ಹೆಸರಲ್ಲಿ ಎಎಫ್-ಎಸ್ ಅಥವಾ ಎಎಫ್-ಪಿ ಇರುವುದನ್ನೇ ತೆಗೆದುಕೊಳ್ಳಿ. ಬರೀ ಎಎಫ್, ಕೊನೆಗೆ ಡಿ ಅಂತ ಇದ್ದರೆ ಕೈಯಲ್ಲೇ ಫೋಕಸ್ ತಿರುಗಿಸಬೇಕು. ಎಎಫ್-ಪಿ 70-300 ತೆಗೆದುಕೊಂಡರೆ ಬಾಡಿಯ ಫರ್ಮ್‌ವೇರ್ (ಒಳಗಿನ ಸಾಫ್ಟ್‌ವೇರ್) ಹೊಸದು ಹಾಕಿರಬೇಕು.

ಹಳೇ_ಡಾರ್ಕ್‌ರೂಮ್:
ಫಿಲ್ಮ್ ಕಾಲದಿಂದ ವಿರಾಜಪೇಟೆಯಲ್ಲಿ ಸ್ಟುಡಿಯೋ ನಡೆಸುತ್ತಿದ್ದೇನೆ. ಡಿ5300 ಕೆಟ್ಟ ಕ್ಯಾಮೆರಾ ಅಲ್ಲ. 2013ರ ಮಾಡೆಲ್, 24 ಮೆಗಾಪಿಕ್ಸೆಲ್. ಈಗಲೂ ಎ3 ಅಳತೆಗೆ ಪ್ರಿಂಟ್ ಹಾಕಿದರೆ ಯಾರೂ ಹೆಸರಿಡುವುದಿಲ್ಲ. ಆದರೆ ಕೊಡಗಿನಲ್ಲಿ ಹಳೇ ಕ್ಯಾಮೆರಾ ನೋಡುವ ಕ್ರಮ ಬೇರೆ. ಬೆಂಗಳೂರಿನವರು ಮೊದಲು ಶಟರ್ ಕೌಂಟ್ (ಇದುವರೆಗೆ ಎಷ್ಟು ಫೋಟೋ ತೆಗೆದಿದೆ ಅನ್ನುವ ಲೆಕ್ಕ) ಕೇಳುತ್ತಾರೆ. ನಾನು ಮೊದಲು ಸ್ಕ್ರೂ ನೋಡುತ್ತೇನೆ.

ಕ್ಯಾಮೆರಾ ಮಗುಚಿ ಅಡಿಯ ಸ್ಕ್ರೂಗಳನ್ನು ನೋಡಿ. ಫ್ಲ್ಯಾಶ್ ಕೂರಿಸುವ ತಗಡು, ಬೆಲ್ಟ್ ಸಿಕ್ಕಿಸುವ ಉಂಗುರ ನೋಡಿ. ಕಂದು ತುಕ್ಕು ಇದ್ದರೆ ಆ ಕ್ಯಾಮೆರಾ ಮಳೆಗಾಲವನ್ನು ಬೀರುವಿನಲ್ಲೇ ಕಳೆದಿದೆ ಅಂತ ಅರ್ಥ. ಹೊರಗೆ ತುಕ್ಕು ಬಂದಿದ್ದರೆ ಒಳಗೂ ತೇವ ಹೋಗಿರುತ್ತದೆ. ಬ್ಯಾಟರಿ ಬಾಗಿಲು ತೆಗೆದು ಒಳಗಿನ ಹಿತ್ತಾಳೆ ಬಣ್ಣದ ಹಲ್ಲುಗಳಲ್ಲಿ ಹಸಿರು ಕಿಲುಬು ಇದೆಯಾ ನೋಡಿ. ಹಿಡಿಯುವ ಜಾಗದ ರಬ್ಬರ್ ಉಬ್ಬಿ ಎದ್ದಿದ್ದರೆ ಹೆದರಬೇಡಿ, ಅದು ಅಂಟಿಸಿದರೆ ಆಯಿತು. ಬೆಲೆ ಇಳಿಸಲು ಒಳ್ಳೆ ನೆಪ.

ಇನ್ನು ಲೆನ್ಸ್. ಬಾಡಿಯಿಂದ ಬಿಚ್ಚಿ. ಎರಡೂ ಮುಚ್ಚಳ ತೆಗೆಯಿರಿ. ಹೆಸರಲ್ಲಿ ಜಿ ಇರುವ ನಿಕಾನ್ ಲೆನ್ಸ್ ಬಿಚ್ಚಿದಾಗ ಒಳಗಿನ ಅಪರ್ಚರ್ ಎಲೆಗಳು (ಬೆಳಕಿನ ಕಿಂಡಿಯನ್ನು ಹಿರಿದು ಕಿರಿದು ಮಾಡುವ ತೆಳು ಪಟ್ಟಿಗಳು) ಮುಚ್ಚಿರುತ್ತವೆ. ಹಿಂಬದಿಯ ಅಂಚಿನಲ್ಲಿ ಒಂದು ಸಣ್ಣ ಲೋಹದ ಕಡ್ಡಿ ಇದೆ. ಅದನ್ನು ಬೆರಳ ತುದಿಯಲ್ಲಿ ಮೆಲ್ಲಗೆ ಸರಿಸಿ ಹಿಡಿದರೆ ಎಲೆ ತೆರೆದುಕೊಳ್ಳುತ್ತದೆ. ಕತ್ತಲೆ ಕೋಣೆಯಲ್ಲಿ ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ನೇರವಾಗಿ ನೋಡಿದರೆ ಬೆಳಕು ಕಣ್ಣು ಕುಕ್ಕುತ್ತದೆ, ಏನೂ ಕಾಣುವುದಿಲ್ಲ. ನಾಲ್ಕಾರು ಧೂಳಿನ ಕಣ ಇದ್ದೇ ಇರುತ್ತವೆ, ಅದರಿಂದ ಏನೂ ಆಗುವುದಿಲ್ಲ. ಕವಲೊಡೆದ ಬಿಳಿ ಎಳೆ ಕಂಡರೆ ಫಂಗಸ್. ಗಾಜಿನ ಮೇಲೆ ಪೂರ್ತಿ ಹಾಲಿನ ಪೊರೆ ಕಂಡರೆ ಅದು ಮಬ್ಬು. ಎರಡಕ್ಕೂ "ಬೇಡ" ಅನ್ನಿ.

ಆಮೇಲೆ ಎಫ್16 ಇಟ್ಟು ಖಾಲಿ ಆಕಾಶದ್ದೊಂದು ಫೋಟೋ. ಸೆನ್ಸರ್ ಮೇಲೆ ಏನಿದೆಯೋ ಎಲ್ಲ ಬೂದು ಚುಕ್ಕಿಯಾಗಿ ಕಾಣುತ್ತದೆ. ಆ ಫೈಲನ್ನೇ ಮನೆಗೆ ತಂದರೆ ಶಟರ್ ಕೌಂಟ್ ಕೂಡ ಸಿಗುತ್ತದೆ, ನಿಕಾನ್ ಅದನ್ನು ಫೈಲಿನಲ್ಲಿ ಬರೆದಿರುತ್ತದೆ. ವಾಟ್ಸಾಪ್‌ನಲ್ಲಿ ಕಳಿಸಿಕೊಳ್ಳಬೇಡಿ, ಆ ಮಾಹಿತಿ ಅಳಿಸಿಹೋಗುತ್ತದೆ. ಈ ಬಾಡಿಯ ಶಟರ್ ಒಂದು ಲಕ್ಷಕ್ಕೆ ಪರೀಕ್ಷೆ ಆದದ್ದು. ಹವ್ಯಾಸಿ ಬಳಸಿದ್ದು 30,000 ಇದ್ದರೂ ಚಿಂತೆ ಇಲ್ಲ.

ಬಿಲ್ ಕೇಳಿ. ಬಿಲ್ಲಿನ ಸೀರಿಯಲ್ ನಂಬರ್ ಬಾಡಿ ಜೊತೆ ತಾಳೆಯಾಗಬೇಕು. ಪರಿಚಯದವರು ಅಂತ ಸಂಕೋಚ ಬೇಡ.

ರೋಬಸ್ಟಾ_ಗಿಡ:
ಫಂಗಸ್ ಬಂದ ಲೆನ್ಸನ್ನು ಬಿಸಿಲಿಗಿಟ್ಟರೆ ಸಾಯುತ್ತದೆ ಅಂತಾರಲ್ಲ ಸರ್? ಕಾಫಿ ಜೊತೆ ಕಣದಲ್ಲೇ ಹರಡಿದರೆ ಆಯಿತು :)

ಹಳೇ_ಡಾರ್ಕ್‌ರೂಮ್:
ಕಣದಲ್ಲಿ ಲೆನ್ಸ್ ಇಟ್ಟರೆ ಕಾಫಿ ಹುರಿದೇ ಸಿಗುತ್ತದೆ. ಲೆನ್ಸ್ ಭೂತಗನ್ನಡಿಯ ಕೆಲಸ ಮಾಡುತ್ತದೆ, ಒಣ ಎಲೆಗೆ ಬೆಂಕಿ ಹತ್ತಿಸಬಹುದು. ಲೆನ್ಸಿನ ಒಳಗಿನ ಎಲೆಗಳೂ ಸುಡಬಹುದು. ಫಂಗಸ್ ಸತ್ತರೂ ಗುರುತು ಹೋಗುವುದಿಲ್ಲ. ಅದು ಬಿಡುವ ಆಮ್ಲ ಗಾಜಿನ ಮೇಲಿನ ಲೇಪವನ್ನು ತಿನ್ನುತ್ತದೆ. ಬೇಗ ಗೊತ್ತಾದರೆ ಲೆನ್ಸ್ ಬಿಚ್ಚಿ ಒರೆಸಬಹುದು, ತಡವಾದರೆ ಕಲೆ ಶಾಶ್ವತ. ಕಿಟ್ ಲೆನ್ಸಾದರೆ ಬಿಚ್ಚಿಸುವ ಕೂಲಿಗೆ ಇನ್ನೊಂದು ಹಳೇ ಲೆನ್ಸೇ ಬರುತ್ತದೆ.

ತೋರದ_ಬೆಟ್ಟ:
ನಮ್ಮಜ್ಜಿ ಬೀರುವಿನಲ್ಲಿ ಯಾವಾಗಲೂ ಒಂದು ಬಲ್ಬ್ ಉರಿಸುತ್ತಿದ್ದರು. ರೇಷ್ಮೆ ಸೀರೆ, ಕುಪ್ಯ (ಕೊಡವರ ಉದ್ದ ಕೋಟು) ಎಲ್ಲ ಅದರಲ್ಲೇ ಇರುತ್ತಿತ್ತು. ಕ್ಯಾಮೆರಾಕ್ಕೂ ಅದೇ ಸಾಕಲ್ವಾ? ಅಥವಾ ಒಲೆ ಮೇಲಿನ ಅಟ್ಟ? ಅಲ್ಲಿಟ್ಟ ಯಾವುದಕ್ಕೂ ಬೂಷ್ಟು ಬಂದದ್ದು ನಾನು ನೋಡಿಲ್ಲ.

ಮಳೆ_ಮಾಪಕ:
ಅಟ್ಟ ಬೇಡ. ಹೊಗೆಯ ಜಿಡ್ಡು ಗಾಜಿನ ಮೇಲೆ ಕೂತರೆ ಫಂಗಸ್‌ಗೆ ಊಟ ಹಾಕಿದಂತೆಯೇ. ಆದರೆ ಅಜ್ಜಿಯ ಬಲ್ಬ್ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ನಾನು ಭೌತಶಾಸ್ತ್ರ ಪಾಠ ಮಾಡುವವನು, ಲೆಕ್ಕ ಹಾಕದೆ ನಿದ್ದೆ ಬರುವುದಿಲ್ಲ.

ಫಂಗಸ್‌ಗೆ ಬೇಕಾಗುವುದು ಗಾಳಿಯಲ್ಲಿನ ಸಾಪೇಕ್ಷ ತೇವಾಂಶ. ಹೈಗ್ರೋಮೀಟರ್‌ನಲ್ಲಿ ಶೇಕಡಾ ಎಷ್ಟು ಅಂತ ತೋರಿಸುತ್ತದಲ್ಲ, ಅದು. 60 ದಾಟಿ ದಿನಗಟ್ಟಲೆ ನಿಂತರೆ ಅಪಾಯ ಶುರು. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ನಮ್ಮ ಮನೆಯೊಳಗೇ 90. ಈಗ 20 ಡಿಗ್ರಿ ಇರುವ ಆ ಗಾಳಿಯನ್ನು ಬಲ್ಬಿನ ಶಾಖದಿಂದ 30 ಡಿಗ್ರಿಗೆ ಏರಿಸಿದರೆ ತೇವಾಂಶ 90ರಿಂದ ಸುಮಾರು 50ಕ್ಕೆ ಇಳಿಯುತ್ತದೆ. ಒಂದು ಹನಿ ನೀರನ್ನೂ ಹೊರಗೆ ಹಾಕದೆ! ಬಿಸಿ ಗಾಳಿ ಜಾಸ್ತಿ ನೀರಾವಿಯನ್ನು ಹಿಡಿದುಕೊಳ್ಳಬಲ್ಲದು, ಅಷ್ಟೇ ಗುಟ್ಟು. ಹಾಗಾಗಿ ಅಜ್ಜಿ ಮಾಡಿದ್ದು ವಿಜ್ಞಾನವೇ.

ತೊಂದರೆ ಎಲ್ಲಿ ಅಂದರೆ, ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಬೀರು ತಣ್ಣಗಾಗಿ ಮತ್ತೆ 90. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ನಮ್ಮ ಕಡೆ ದಿನಗಟ್ಟಲೆ ಕರೆಂಟ್ ಇರಲಿಲ್ಲ. ಇನ್ನೊಂದು, ಈಗಿನ ಎಲ್‌ಇಡಿ ಬಲ್ಬ್‌ಗೆ ಆ ಶಾಖವೇ ಇಲ್ಲ. ಹಳೇ ತಂತಿಯ ಬಲ್ಬ್ ಬೇಕು.

ನಾನು ಹೇಳುವುದು ಡಬ್ಬಿ. ರಬ್ಬರ್ ಅಂಚಿನ ಮುಚ್ಚಳ ಇರುವ, ನಾಲ್ಕೂ ಕಡೆ ಕ್ಲಿಪ್ ಬೀಳುವ ಪ್ಲಾಸ್ಟಿಕ್ ಡಬ್ಬಿ. ಇಪ್ಪತ್ತು ಲೀಟರಿನದು ಒಂದು ಬಾಡಿ, ಮೂರು ಲೆನ್ಸ್‌ಗೆ ಧಾರಾಳ. ಒಳಗೆ ಸಿಲಿಕಾ ಜೆಲ್ ಅರ್ಧ ಕೆಜಿ, ಒಂದು ಚಿಕ್ಕ ಹೈಗ್ರೋಮೀಟರ್. ಅಷ್ಟೇ. ಕರೆಂಟ್ ಬೇಕಾಗಿಲ್ಲ.

ಜನ ಎಡವುವುದು ಎಲ್ಲಿ ಗೊತ್ತಾ? ಆ ಡಬ್ಬಿಯ ಗಾಳಿಯಲ್ಲಿರುವ ಒಟ್ಟು ನೀರು ಅರ್ಧ ಗ್ರಾಮಿಗಿಂತಲೂ ಕಡಿಮೆ. ಅರ್ಧ ಕೆಜಿ ಜೆಲ್ ನೂರು ಗ್ರಾಂ ಹತ್ತಿರ ನೀರು ಹೀರಬಲ್ಲದು. ಹಾಗಿದ್ದರೂ ಕೆಲವರ ಜೆಲ್ ವಾರದಲ್ಲೇ ಬಣ್ಣ ಬದಲಿಸುತ್ತದೆ. ಯಾಕೆಂದರೆ ಅವರು ಕ್ಯಾಮೆರಾವನ್ನು ಬ್ಯಾಗ್ ಸಮೇತ ಇಡುತ್ತಾರೆ. ಬ್ಯಾಗಿನ ಸ್ಪಂಜು, ಬಟ್ಟೆ, ಚರ್ಮದ ಬೆಲ್ಟು, ಇವೇ ನೀರಿನ ಟ್ಯಾಂಕು. ಡಬ್ಬಿಯೊಳಗೆ ಬರೀ ಲೋಹ, ಗಾಜು, ಪ್ಲಾಸ್ಟಿಕ್ ಇರಲಿ. ಬೆಲ್ಟ್ ಬಿಚ್ಚಿ ಹೊರಗಿಡಿ. ಬ್ಯಾಗಿನಲ್ಲಿ ಕ್ಯಾಮೆರಾ ಇಡುವುದು ಪ್ರಯಾಣದಲ್ಲಿ ಮಾತ್ರ.

ಹೈಗ್ರೋಮೀಟರ್ 40ರಿಂದ 50ರ ಮಧ್ಯೆ ಇದ್ದರೆ ಸರಿ. ಹೊಸ ಜೆಲ್ ಹಾಕಿದಾಗ 30ಕ್ಕಿಂತ ಕೆಳಗೆ ಇಳಿದರೆ ಸ್ವಲ್ಪ ಜೆಲ್ ಹೊರಗೆ ತೆಗೆಯಿರಿ. ತೀರಾ ಒಣಗಿಸುವುದೂ ರಬ್ಬರ್, ಗ್ರೀಸ್‌ಗೆ ಒಳ್ಳೆಯದಲ್ಲ.

ತೋರದ_ಬೆಟ್ಟ:
ಜೆಲ್ ಮತ್ತೆ ಒಣಗಿಸುವುದು ಹೇಗೆ? ಅಕ್ಕಿ ಹಾಕಿದರೆ ಆಗುವುದಿಲ್ಲವಾ? ನುಸಿ ಗುಳಿಗೆ?

ಮಳೆ_ಮಾಪಕ:
ಅಕ್ಕಿ ಅನ್ನಕ್ಕಿರಲಿ. ಹೀರುವುದು ಕಡಿಮೆ, ಹಿಟ್ಟಿನ ಧೂಳು ಜಾಸ್ತಿ. ನುಸಿ ಗುಳಿಗೆ, ಕರ್ಪೂರ ಎರಡೂ ಬೇಡ. ಅದರ ಆವಿ ಗಾಜಿನ ಮೇಲೆ ಪೊರೆಯಾಗಿ ಕೂರಬಹುದು.

ಜೆಲ್‌ನಲ್ಲಿ ಕಿತ್ತಳೆಯಿಂದ ಹಸಿರಿಗೆ ತಿರುಗುವುದನ್ನು ತೆಗೆದುಕೊಳ್ಳಿ. ನೀಲಿಯಿಂದ ಗುಲಾಬಿಗೆ ತಿರುಗುವುದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಮಕ್ಕಳಿರುವ ಮನೆಗೆ ಬೇಡ. ಬಣ್ಣ ತಿರುಗಿದಾಗ ಓವನ್ ಇದ್ದರೆ 110-120 ಡಿಗ್ರಿಯಲ್ಲಿ ಎರಡು ಗಂಟೆ. ಇಲ್ಲದಿದ್ದರೆ ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಇರಿ. ಆ ಬಾಣಲೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ. ಬಿಸಿ ಇರುವಾಗಲೇ ಸ್ಟೀಲ್ ಡಬ್ಬದಲ್ಲಿ ಮುಚ್ಚಿಟ್ಟು ತಣಿಸಿ. ತೆರೆದಿಟ್ಟು ತಣಿಸಿದರೆ ನಮ್ಮ ಮಳೆಗಾಲದಲ್ಲಿ ತಣಿಯುವಷ್ಟರಲ್ಲೇ ಮತ್ತೆ ನೀರು ಕುಡಿಯಲು ಶುರು ಮಾಡುತ್ತದೆ.

ಮಡಿಕೇರಿ_ಮಂಜು:
ಡಬ್ಬಿ ವಾದ ಒಪ್ಪಿದೆ, ಆದರೆ ಎಲ್ಲರಿಗೂ ಅಲ್ಲ. ಜೆಲ್ ನೋಡುತ್ತಿರಬೇಕು, ಹುರಿಯುತ್ತಿರಬೇಕು. ಐದಾರು ಲೆನ್ಸ್ ಆದ ಮೇಲೆ ನಾನು ಕರೆಂಟಿನ ಡ್ರೈ ಕ್ಯಾಬಿನೆಟ್ ತೆಗೆದುಕೊಂಡೆ. 45ಕ್ಕೆ ಇಟ್ಟು ಮರೆತುಬಿಡಬಹುದು. ಕರೆಂಟ್ ಹೋದರೂ ಬಾಗಿಲು ತೆಗೆಯದಿದ್ದರೆ ಒಳಗಿನ ತೇವ ಏರುವುದು ತುಂಬಾ ನಿಧಾನ.

ಮಳೆ_ಮಾಪಕ:
ಐದಾರು ಲೆನ್ಸ್ ಇರುವವರಿಗೆ ಸರಿ. ಅಕ್ಕನ 60,000ದಲ್ಲಿ ಕ್ಯಾಬಿನೆಟ್‌ಗೆ ದುಡ್ಡು ಹಾಕಿದರೆ ಒಳಗಿಡಲು ಲೆನ್ಸೇ ಇರುವುದಿಲ್ಲ.

ಕಕ್ಕಬ್ಬೆ_ಕಣಿವೆ:
ಡಬ್ಬಿಯೇ ನನಗೆ ಸರಿ. ಇನ್ನೊಂದು ಕೇಳುತ್ತೇನೆ. ಮಳೆಯಲ್ಲೇ ಹೊರಗೆ ತೆಗೆದುಕೊಂಡು ಹೋಗುವವರು ಹೇಗೆ ನಿಭಾಯಿಸುತ್ತೀರಿ? ಚೇಲಾವರ ಜಲಪಾತ ನಮಗೆ ಹತ್ತಿರ. ಮಳೆಗಾಲ ಬಿಟ್ಟರೆ ಅದರಲ್ಲಿ ನೋಡಲು ಏನಿದೆ?

ಇಂಬಳ_ಪ್ರಿಯ:
ಇದು ನನ್ನ ವಿಷಯ. ಮಳೆಗಾಲದಲ್ಲೇ ಹೊರಗೆ ಬೀಳುವವನು ನಾನು.

ಡಿ5300ಕ್ಕೆ ಮಳೆ ತಡೆಯುವ ಸೀಲ್ ಏನೂ ಇಲ್ಲ. ಸೀಲ್ ಇದೆ ಅನ್ನುವ ದುಬಾರಿ ಕ್ಯಾಮೆರಾಗಳೂ ನೀರಲ್ಲಿ ನೆನೆಯಲು ಮಾಡಿದ್ದಲ್ಲ. ನೀರು ಹೋಗಿದೆ ಅಂತ ಗೊತ್ತಾದರೆ ವಾರಂಟಿ ಕೂಡ ಸಾಮಾನ್ಯವಾಗಿ ಸಿಗುವುದಿಲ್ಲ. ದಪ್ಪ ಪ್ಲಾಸ್ಟಿಕ್ ಚೀಲದ ತಳಕ್ಕೆ ತೂತು ಮಾಡಿ ಲೆನ್ಸ್ ಮೂತಿ ಹೊರಗೆ ತೂರಿಸಿ, ಹುಡ್ (ಲೆನ್ಸ್ ಮುಂದೆ ಸಿಕ್ಕಿಸುವ ಮರೆ) ಮೇಲೆ ರಬ್ಬರ್ ಬ್ಯಾಂಡ್ ಹಾಕಿ. ಕೈ ಎರಡೂ ಕೆಳಗಿನ ಬಾಯಿಯಿಂದ ಒಳಗೆ. ಹುಡ್ ಹಾಕದೆ ಮಳೆಗೆ ಹೋಗಬೇಡಿ. ಜಲಪಾತದ ಹತ್ತಿರ ಮೇಲಿನಿಂದ ಬರುವ ಮಳೆಗಿಂತ ಎದುರಿನಿಂದ ಹಾರುವ ತುಂತುರು ಕಷ್ಟ. ಮುಂದೆ ಒಂದು ಫಿಲ್ಟರ್ ಇದ್ದರೆ ಧೈರ್ಯವಾಗಿ ಒರೆಸುತ್ತಿರಬಹುದು.

ಲೆನ್ಸ್ ಹೊರಗೆ ಬದಲಿಸಲೇಬೇಡಿ. ಮನೆಯಿಂದ ಹೊರಡುವಾಗ ಯಾವುದು ಹಾಕಿದ್ದೀರೋ ಅದೇ.

ಮನೆಗೆ ಬಂದ ಮೇಲಿನದು ಮುಖ್ಯ. ತಲಕಾವೇರಿ ಕಡೆ ಚಳಿಯಲ್ಲಿ ತಿರುಗಿ ಬಂದು ಒಲೆ ಉರಿಯುವ ಬೆಚ್ಚನೆ ಮನೆಯಲ್ಲಿ ಕ್ಯಾಮೆರಾ ತೆರೆದರೆ ಗಾಜಿನ ಮೇಲೆ ಮಂಜು ಕೂರುತ್ತದೆ. ಒಳಗೂ ಕೂರುತ್ತದೆ. ಮೊದಲು ಹೊರಗಿನ ನೀರು ಒರೆಸಿ, ಬ್ಯಾಗಿನಲ್ಲೇ ಒಂದು ಗಂಟೆ ಬಿಡಿ, ಮನೆಯ ಶಾಖಕ್ಕೆ ಬರಲಿ. ಆಮೇಲೆ ಬ್ಯಾಟರಿ, ಕಾರ್ಡ್ ತೆಗೆದು, ಜೂಮ್ ಪೂರ್ತಿ ಎಳೆದು ಆ ಕೊಳವೆಯನ್ನು ಒರೆಸಿ. ಜೂಮ್ ಒಳಗೆ ಎಳೆದುಕೊಳ್ಳುವಾಗ ಹನಿ ಸಮೇತ ಒಳಗೆ ಹೋಗುತ್ತದೆ, ಇದನ್ನು ಯಾರೂ ಗಮನಿಸುವುದಿಲ್ಲ. ಫ್ಯಾನ್ ಗಾಳಿಯಲ್ಲಿ ಸ್ವಲ್ಪ ಹೊತ್ತು ಇಟ್ಟು ನಂತರ ಡಬ್ಬಿಗೆ. ಹೇರ್ ಡ್ರೈಯರ್ ಬೇಡ.

ಬ್ಯಾಗನ್ನು ನೆಲದ ಮೇಲೆ ಇಡಬೇಡಿ. ಕಾರಣ ನನ್ನ ಹೆಸರಲ್ಲೇ ಇದೆ.

ಹಾರಂಗಿ_ದಂಡೆ:
ಒರೆಸುವ ಬಗ್ಗೆ ಸೇರಿಸುತ್ತೇನೆ. ಮೊದಲು ಕೈ ಪಂಪಿನಿಂದ ಗಾಳಿ ಊದಿ. ಆಮೇಲೆ ಮೆತ್ತನೆ ಬ್ರಷ್. ಬಟ್ಟೆ ಕೊನೆಗೆ. ಧೂಳು ಇರುವಾಗಲೇ ಬಟ್ಟೆ ಹಾಕಿದರೆ ಗೀರು ಬೀಳುತ್ತದೆ, ಮಾಂದಲ್‌ಪಟ್ಟಿ ಜೀಪಿನಲ್ಲಿ ಹೋಗಿ ಬಂದ ದಿನವಂತೂ ಖಂಡಿತ. ದ್ರವವನ್ನು ಬಟ್ಟೆಗೆ ಹಾಕಿ, ಗಾಜಿಗೆ ಅಲ್ಲ. ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ. ಸೆನ್ಸರ್‌ಗೆ ಪಂಪ್ ಗಾಳಿ ಮಾತ್ರ, ಡಬ್ಬಿಯಲ್ಲಿ ತುಂಬಿ ಮಾರುವ ಗಾಳಿ ಬೇಡ.

ತೋರದ_ಬೆಟ್ಟ:
ಮಡಿಕೇರಿ ದಸರಾದಲ್ಲಿ ದಶಮಂಟಪಗಳನ್ನು ತೆಗೆದರೆ ನನ್ನ ಫೋಟೋದಲ್ಲಿ ಅಡ್ಡಡ್ಡ ಕಪ್ಪು ಪಟ್ಟಿ ಬರುತ್ತದೆ. ಕ್ಯಾಮೆರಾ ಹಾಳಾಗಿದೆಯಾ? ಮಿರರ್‌ಲೆಸ್, ಶಬ್ದವಿಲ್ಲದ ಶಟರ್ ಇಟ್ಟಿದ್ದೆ.

ಮಡಿಕೇರಿ_ಮಂಜು:
ಹಾಳಾಗಿಲ್ಲ. ಮಂಟಪದ ಎಲ್‌ಇಡಿಗಳು ಕಣ್ಣಿಗೆ ಕಾಣದಷ್ಟು ವೇಗವಾಗಿ ಮಿನುಗುತ್ತವೆ. ಶಬ್ದವಿಲ್ಲದ ಶಟರ್ ಸೆನ್ಸರನ್ನು ಸಾಲು ಸಾಲಾಗಿ ಓದುತ್ತದೆ. ದೀಪ ಆರಿದ ಕ್ಷಣದಲ್ಲಿ ಓದಿದ ಸಾಲು ಕಪ್ಪು. ಮೆಕ್ಯಾನಿಕಲ್ ಶಟರ್‌ಗೆ ಬದಲಿಸಿ, 1/100 ಅಥವಾ 1/50 ಇಡಿ. ನಮ್ಮ ಕರೆಂಟ್ 50 ಹರ್ಟ್ಸ್ ಆದ್ದರಿಂದ ಸಾಮಾನ್ಯ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಜನರೇಟರ್, ಬಣ್ಣ ಬದಲಿಸುವ ಬೋರ್ಡ್ ಇದ್ದಲ್ಲಿ ಒಂದೆರಡು ಹೆಚ್ಚು ಫೋಟೋ ತೆಗೆದುಕೊಳ್ಳಿ.

ಅಕ್ಕ, ನೀವು ಕಾಫಿ ಹೂವು ಅಂದಿರಲ್ಲ. ತೋಟ ತುಂಬಾ ಬಿಳಿ ಇದ್ದಾಗ ಕ್ಯಾಮೆರಾ ಅದನ್ನು ಬೂದು ಮಾಡುತ್ತದೆ, ಎಕ್ಸ್‌ಪೋಷರ್ ಪ್ಲಸ್‌ಗೆ ಏರಿಸಿ. ಕಪ್ಪು ಕುಪ್ಯ ಹಾಕಿದವರ ಗುಂಪಿಗೆ ಮೈನಸ್.

ಕಕ್ಕಬ್ಬೆ_ಕಣಿವೆ:
ಗೋಣಿಕೊಪ್ಪಕ್ಕೆ ಹೋಗಿ ಬಂದೆ. ಡಾರ್ಕ್‌ರೂಮ್ ಸರ್ ಹೇಳಿದಂತೆ ಮೊದಲು ಸ್ಕ್ರೂ ನೋಡಿದೆ. ಅಡಿಯಲ್ಲಿ ತುಕ್ಕಿಲ್ಲ. ಬ್ಯಾಟರಿ ಕೋಣೆ ಸ್ವಚ್ಛ. ಹೆಬ್ಬೆರಳು ಇಡುವ ಜಾಗದ ರಬ್ಬರ್ ಎದ್ದಿದೆ. ಶಟರ್ ಕೌಂಟ್ 18,000 ಚಿಲ್ಲರೆ.

18-55 ಚೆನ್ನಾಗಿದೆ. 55-200 ಲೆನ್ಸಿಗೆ ಟಾರ್ಚ್ ಬಿಟ್ಟಾಗ ನೇರ ನೋಡಿದರೆ ಏನೂ ಇಲ್ಲ. ಓರೆ ಮಾಡಿದೆ. ಮುಂದಿನ ಗಾಜಿನ ಹಿಂದೆ, ಅಂಚಿನ ಹತ್ತಿರ, ಕೂದಲಿಗಿಂತ ಸಣ್ಣ ಎಳೆಗಳು. ಒಂದರಿಂದ ಎರಡು, ಎರಡರಿಂದ ನಾಲ್ಕು ಕವಲು. ಅವರಿಗೂ ತೋರಿಸಿದೆ. ಪಾಪ, ಅವರಿಗೆ ಗೊತ್ತೇ ಇರಲಿಲ್ಲ. ಬ್ಯಾಗಿನಲ್ಲೇ ಇಟ್ಟಿದ್ದರಂತೆ. ಆ ಲೆನ್ಸ್ ಬಿಟ್ಟು ಬಾಡಿ ಮತ್ತು 18-55 ಮಾತ್ರ ಕೊಡಿ ಅಂದೆ, ಒಪ್ಪಿದರು.

ಉಳಿದ ದುಡ್ಡಿನಲ್ಲಿ ಎಎಫ್-ಪಿ 70-300 ಹುಡುಕುತ್ತೇನೆ. 35 ಎಂಎಂ ಸಿಕ್ಕರೆ ಅದೂ. ಡಬ್ಬಿ, ಜೆಲ್, ಹೈಗ್ರೋಮೀಟರ್ ಬಂದಾಯಿತು. ಆದರೆ ಎರಡು ಹೈಗ್ರೋಮೀಟರ್ ತರಿಸಿದ್ದೆ, ಪಕ್ಕಪಕ್ಕ ಇಟ್ಟರೆ ಒಂದು 52, ಇನ್ನೊಂದು 61 ತೋರಿಸುತ್ತಿದೆ. ಯಾವುದನ್ನು ನಂಬಲಿ?

ಹಳೇ_ಡಾರ್ಕ್‌ರೂಮ್:
ಲೆನ್ಸ್ ಬಿಟ್ಟು ಬಂದದ್ದು ಒಳ್ಳೆಯದಾಯಿತು. ರಬ್ಬರ್ ಅಂಟಿಸಲು ವಿರಾಜಪೇಟೆ ಕಡೆ ಬಂದಾಗ ತನ್ನಿ.

ಮಳೆ_ಮಾಪಕ:
ಕಡಿಮೆ ಬೆಲೆಯ ಹೈಗ್ರೋಮೀಟರ್ ಹಾಗೆಯೇ. ಯಾವುದನ್ನೂ ಸುಮ್ನೆ ನಂಬಬೇಡಿ, ಉಪ್ಪಿನಿಂದ ಪರೀಕ್ಷೆ ಮಾಡಿ. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನಷ್ಟು ಆಗುವಂತೆ ನೀರು ಚಿಮುಕಿಸಿ. ಉಪ್ಪು ಪೂರ್ತಿ ಕರಗಬಾರದು. ಮುಚ್ಚಳವನ್ನೂ ಎರಡೂ ಹೈಗ್ರೋಮೀಟರ್‌ಗಳನ್ನೂ ಜಿಪ್ ಕವರಿನಲ್ಲಿ ಹಾಕಿ ಬಿಗಿಯಾಗಿ ಮುಚ್ಚಿ. ನೀರು ಮೀಟರಿಗೆ ತಾಗದಿರಲಿ. ಶಾಖ ಹೆಚ್ಚುಕಮ್ಮಿ ಆಗದ ಕೋಣೆಯಲ್ಲಿ ರಾತ್ರಿಯಿಡೀ ಬಿಡಿ, ಅಡುಗೆಮನೆ ಬೇಡ. ಆ ಕವರಿನೊಳಗೆ ತೇವಾಂಶ 75ಕ್ಕೆ ನಿಲ್ಲುತ್ತದೆ. ಬೆಳಿಗ್ಗೆ ಎಷ್ಟು ತೋರಿಸುತ್ತವೆ ಹೇಳಿ.

ಕಕ್ಕಬ್ಬೆ_ಕಣಿವೆ:
ಒಂದು 68, ಇನ್ನೊಂದು 77.

ಮಳೆ_ಮಾಪಕ:
ಹಾಗಾದರೆ ಮೊದಲನೆಯದು 7 ಕಡಿಮೆ ತೋರಿಸುತ್ತದೆ, ಎರಡನೆಯದು 2 ಜಾಸ್ತಿ. ಎರಡನೆಯದನ್ನು ಡಬ್ಬಿಯೊಳಗೆ ಹಾಕಿ. ಮೊದಲನೆಯದಕ್ಕೆ "+7" ಅಂತ ಚೀಟಿ ಅಂಟಿಸಿ ಅಪ್ಪನ ಕ್ಯಾಮೆರಾ ಇರುವ ಬೀರುವಿನಲ್ಲಿಡಿ, ಅಲ್ಲಿ ಎಷ್ಟಿದೆ ಅಂತ ನನಗೂ ನೋಡಬೇಕು.